ಹರಿದುಹೋದ ಕೊಲೆಗಾರ

"ಬರೆದ ನಿಮಗೇ ಕೊಲೆಗಾರ ಯಾರಂತ ನೆನಪಿಲ್ಲ ಅಂದ್ರೆ ನಾನು ಸಿನಿಮಾ ಹೆಂಗೆ ಮಾಡ್ಲಿ, ಸಾರ್?" ನಿರ್ಮಾಪಕ ತಲೆ ಚಚ್ಚಿಕೊಂಡ.

"ತಿಂಗಳಿಗೊಂದು ಪತ್ತೇದಾರಿ ಬರೀತಿದ್ದೆ ಕಣಯ್ಯ. ಎಷ್ಟು ಕೊಲೆ ಅಂತ ನೆನಪಿಟ್ಕೊಳ್ಳಲಿ?" ಎಂದರು ಮುದಿ ಕಾದಂಬರಿಕಾರರು.

ಬಾಡಿಗೆ ಲೈಬ್ರರಿಯ ವಿಶಾಲಮ್ಮ ಉಳಿದಿದ್ದ ಒಂದೇ ಪ್ರತಿಯನ್ನು ಹುಡುಕಿ ತಂದರು. ಅದರಲ್ಲಿ ಕೊನೆಯ ಹಾಳೆಯೇ ಇರಲಿಲ್ಲ.

"ಆಗ ಯಾವನೋ ಹಾಳಾದವನು ಊರಿನ ಲೈಬ್ರರಿಗಳಲ್ಲೆಲ್ಲ ಇದೊಂದೇ ಹಾಳೆ ಹರಿದುಹಾಕಿದ! ಜನ ಕೊನೆ ತಿಳಿಯೋಕೆ ಅಂಗಡೀಲಿ ಕೊಂಡು ಓದಿ, ರದ್ದಿಗೆ ಹಾಕಿದ್ರು. ನನ್ನ ಗಿರಾಕಿಗಳೂ ನನ್ನ ಬಿಟ್ಟು ಅಂಗಡಿ ಕಡೆಗೇ ಹೋದ್ರು," ಎಂದರು ವಿಶಾಲಮ್ಮ.

"ಹಂಗಾದ್ರೆ ಆ ಕಳ್ಳನನ್ನೇ ಹಿಡಿಯೋಣ! ಹರಿಯೋವಾಗ ಓದಿರ್ತಾನಲ್ಲ?" ನಿರ್ಮಾಪಕನ ಮುಖ ಅರಳಿತು.

"ಅವನಿಗೂ ನೆನಪಿಲ್ಲ," ಎಂದುಬಿಟ್ಟರು ಕಾದಂಬರಿಕಾರರು.

ಕಾದಂಬರಿಕಾರರ ಮುಂದಿಟ್ಟಿದ್ದ ಕಾಫಿಯನ್ನು ವಿಶಾಲಮ್ಮ ನಿರ್ಮಾಪಕನ ಕಡೆಗೆ ಸರಿಸಿದರು.