ಮೈದಾ ಅಂಟು

ಇವತ್ತು ಜೆ.ಪಿ. ನಗರದ ಗೋಡೆಯೊಂದರ ಹತ್ತಿರ ಹಸಿ ಮೈದಾ ಅಂಟಿನ ವಾಸನೆ ಬಂದು, ಬಿಳೇಕಹಳ್ಳಿಯ ಆ ಮಧ್ಯಾಹ್ನ ನೆನಪಾಯಿತು.

ಪ್ರತಿ ಚುನಾವಣೆಗೂ ಆಡಳಿತ ಪಕ್ಷದ ಪೋಸ್ಟರುಗಳಿಗೆ ಅಂಟು ಕಾಯಿಸಿಕೊಡುತ್ತಿದ್ದವಳು ನಮ್ಮಜ್ಜಿಯೇ. ಆ ಸಲವೂ ಪಾತ್ರೆ ತುಂಬ ಕಾಯಿಸಿದ್ದಳು. ಪಕ್ಷದ ರಾಜು ನಮ್ಮ ಕಾಂಪೌಂಡಿಗೆ ಪೋಸ್ಟರ್ ಹಿಡಿದ.

"ಏನ್ ಬರ್ದಿದೆ, ಓದು ಪುಟ್ಟಿ," ಅಂದಳು ಅಜ್ಜಿ.

"ನಮ್ಮ ಸಾಧನೆ: ಹಗಲೂ ರಾತ್ರಿ ತೆರೆದಿರುವ ಆಸ್ಪತ್ರೆ," ಎಂದು ಓದಿದೆ.

ಚಿತ್ರದ ನೀಲಿ ಬಾಗಿಲನ್ನು ಅಜ್ಜಿ ಬೆರಳಲ್ಲಿ ಮುಟ್ಟಿದಳು. ಹಿಂದಿನ ತಿಂಗಳು ತಾತ ಎದೆ ಹಿಡಿದುಕೊಂಡು ಪ್ರಾಣ ಬಿಟ್ಟದ್ದು ಅದೇ ಬಾಗಿಲ ಮುಂದೆ. ಅವತ್ತು ಅದಕ್ಕೆ ಬೀಗ ಹಾಕಿತ್ತು.

"ಈ ಬಾಗ್ಲು ನಾನೂ ಬಡ್ದಿದೀನಿ ಕಣಪ್ಪಾ. ಯಾವ ಹೊತ್ತಿಗೆ ತೆಗೀತಾರೆ, ಒಸಿ ಕೇಳ್ಕೊಂಡ್ ಬಾ."

ರಾಜು ಪೋಸ್ಟರ್ ಸುತ್ತಿಕೊಂಡು ಹೊರಟುಹೋದ.

"ಕೈಗಂಟಿದ ಮೈದಾ ಹೋಗ್ತಾನೇ ಇಲ್ಲ ಕಣೇ," ಎನ್ನುತ್ತಾ ಅಜ್ಜಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಬಹಳ ಹೊತ್ತು ಹೊರಗೆ ಬರಲಿಲ್ಲ.