ಹನ್ನೊಂದನೇ ತಾರೀಖಿನ ಮುದ್ರೆ

"ಕೈಯಲ್ಲಿರೋದನ್ನ ಕೆಳಗಿಡಿ," ಎಂದ ನ್ಯಾಯಾಲಯದ ಜವಾನ.

"ಮನೆ ಕೀ ಕಣಯ್ಯಾ. ಬಾಂಬಲ್ಲ." ಮುದ್ರೆಯಮ್ಮ ಬೀಗದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೇ ಕಟಕಟೆ ಹತ್ತಿದರು.

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು ಅರ್ಜಿಗಳ ಮೇಲೆ ತಾರೀಖಿನ ಮುದ್ರೆ ಒತ್ತಿದ ಹೆಂಗಸು. ಹೋದ ವರ್ಷ ನಿವೃತ್ತಿಯಾಯಿತು. ಅಡ್ಡಹೆಸರು ಮಾತ್ರ ನಿವೃತ್ತಿಯಾಗಲಿಲ್ಲ.

ಎಡಗಡೆ ಬೆಂಚಿನಲ್ಲಿ ಪಶುವೈದ್ಯ ಕೋರ್ಸಿನ ವಿದ್ಯಾರ್ಥಿನಿ. ಅರ್ಜಿಗೆ ಕೊನೆಯ ದಿನ ಹತ್ತು. ಅವಳ ಅರ್ಜಿಯ ಮೇಲೆ ಹನ್ನೊಂದರ ಮುದ್ರೆ. ಒಂದು ವರ್ಷ ಪಾಠ ಹೇಳಿದ ಮೇಲೆ ಪ್ರವೇಶವೇ ಅಕ್ರಮವೆಂದು ವಿಶ್ವವಿದ್ಯಾಲಯ ರದ್ದು ಮಾಡಿತ್ತು. ಸೋಮವಾರ ಪರೀಕ್ಷೆ, ಹಾಲ್ ಟಿಕೆಟ್ ಇಲ್ಲ.

ಬಲಗಡೆ ಆ ಮುದ್ರೆಯ ಬಗ್ಗೆ ದೂರು ಕೊಟ್ಟ ಹುಡುಗಿ. ನೀಲಿ ಕನ್ನಡಕ. ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳು. ವಿದ್ಯಾರ್ಥಿನಿ ಹೋದರೆ ಸೀಟು ಅವಳಿಗೆ.

"ಕಚೇರಿ ಕಪಾಟಿನೊಳಗಿನ ಕಾಗದದ ವಿಷಯ ನಿನಗೆ ಹೇಗಮ್ಮಾ ಗೊತ್ತಾಯ್ತು?" ಎಂದು ನ್ಯಾಯಾಧೀಶರು ಬೆಳಿಗ್ಗೆ ಅವಳನ್ನು ಕೇಳಿದ್ದರು.

"ಯಾರೋ ಊಟಕ್ಕೆ ಕೂತಾಗ ಅಂದ್ರು," ಎಂದಿದ್ದಳು. ಕೋರ್ಟು ನಕ್ಕಿತ್ತು.

ವಿಶ್ವವಿದ್ಯಾಲಯದ ವಕೀಲರು ಅರ್ಜಿಯನ್ನು ಮುದ್ರೆಯಮ್ಮನ ಮುಂದೆ ಹಿಡಿದರು. "ಇದು ನೀವೇ ಒತ್ತಿದ್ದಾ?"

"ನಾನೇ."

"ತಾರೀಖು?"

"ಹನ್ನೊಂದು."

"ಸಾಕು," ಎಂದು ವಕೀಲರು ಕೂತರು.

"ಕೂತ್ಕೊಂಡ್ರೆ ಆಯ್ತಾ? ಪೂರ್ತಿ ಕೇಳಿ." ಮುದ್ರೆಯಮ್ಮ ನ್ಯಾಯಾಧೀಶರ ಕಡೆ ತಿರುಗಿದರು. "ಬೆಳಿಗ್ಗೆ ಕಿಟಕಿ ತೆಗೀತಿದ್ದ ಹಾಗೇ ಜನ ಮೈಮೇಲೆ ಬೀಳ್ತಾರೆ ಸ್ವಾಮಿ. ಅದಕ್ಕೇ ಸಂಜೆ ಕಿಟಕಿ ಹಾಕಿದ ಕೂಡ್ಲೇ ಮುದ್ರೆಯನ್ನ ಮಾರನೇ ದಿನಕ್ಕೆ ತಿರುಗಿಸಿಟ್ಟು ಹೋಗ್ತಿದ್ದೆ. ಆವತ್ತೂ ವಾರ ನೋಡದೆ ಅದೇ ರೂಢಿಲಿ ತಿರುಗಿಸಿದೆ. ಆಮೇಲೆ ನೋಡಿದ್ರೆ ಈ ಹುಡುಗಿ ಇನ್ನೂ ಸಾಲಲ್ಲೇ ನಿಂತಿದ್ಲು. ಮತ್ತೆ ಕಿಟಕಿ ತೆಗೆದು ಒತ್ತಿಕೊಟ್ಟೆ."

"ಕಥೆ ಚೆನ್ನಾಗಿದೆ," ವಕೀಲರು ಎದ್ದರು. "ಇಷ್ಟು ದಿನ ಎಲ್ಲಿತ್ತು?"

"ನನಗೂ ಹೊಳೆದಿರಲಿಲ್ಲ. ಸಾಕ್ಷಿಗೆ ಬಾ ಅಂತ ಕಾಗದ ಬಂದ ದಿನ ಹಳೇ ಕ್ಯಾಲೆಂಡರ್ ತೆಗೆದೆ. ಹನ್ನೊಂದು ಭಾನುವಾರ. ರಜಾ ದಿನ ಬಾಗಿಲು ಒಡೆದು ಒಳಗೆ ಹೋಗಿ ಮುದ್ರೆ ಒತ್ತಿದೆನಾ?"

ಗುಮಾಸ್ತ ಕ್ಯಾಲೆಂಡರ್ ಹುಡುಕಿ ತಂದ. ಭಾನುವಾರವೇ. ಕಟ್ಟುಗಟ್ಟಲೆ ಕಾಗದ ಹೊತ್ತು ತಿರುಗಿದ ವಕೀಲರಲ್ಲಿ ಒಬ್ಬರಿಗೂ ವಾರ ಯಾವುದೆಂದು ನೋಡುವ ಬುದ್ಧಿ ಬಂದಿರಲಿಲ್ಲ.

"ಹೀಗೆ ಹೇಳಿದ್ರೆ ನಿಮ್ಮ ಮೇಲೇ ವಿಚಾರಣೆ ಶುರುವಾಗುತ್ತೆ, ಗೊತ್ತಾ?" ವಕೀಲರು ಹಲ್ಲು ಕಚ್ಚಿದರು.

"ಮನೇಲಿ ಆಗಲೇ ಶುರುವಾಗಿದೆ," ಎಂದರು ಮುದ್ರೆಯಮ್ಮ.

ಮಧ್ಯಾಹ್ನಕ್ಕೆ ಆದೇಶ ಬಂತು. ಪ್ರವೇಶ ಸಕ್ರಮ, ಸಂಜೆಯೊಳಗೆ ಹಾಲ್ ಟಿಕೆಟ್ ಕೊಡಬೇಕು. ವಿದ್ಯಾರ್ಥಿನಿ ಓಡಿ ಬಂದು ಮುದ್ರೆಯಮ್ಮನ ಕೈ ಹಿಡಿದಳು.

"ಅಳೋದು ಆಮೇಲೆ. ಹೋಗಿ ಓದ್ಕೋ. ಫೇಲಾದ್ರೆ ನನ್ನ ಮಾನ ಹೋಗುತ್ತೆ," ಎಂದು ಗದರಿ ಕಳಿಸಿದರು.

ಹೊರಗಿನ ಮೊಗಸಾಲೆಯಲ್ಲಿ ಮುದ್ರೆಯಮ್ಮ ಒಬ್ಬರೇ ಉಳಿದರು. ನೀಲಿ ಕನ್ನಡಕದ ಹುಡುಗಿ ನೆಟ್ಟಗೆ ಅವರತ್ತ ಬಂದಳು. ಜಗಳ ಕಾದಿದೆಯೆಂದು ಜವಾನ ಪಕ್ಕಕ್ಕೆ ಸರಿದ. ಹುಡುಗಿ ಮುಖ ಎತ್ತಲಿಲ್ಲ. ಕೈ ಮಾತ್ರ ಚಾಚಿದಳು.

"ಮನೆ ಕೀ ಕೊಡಮ್ಮ. ಇವತ್ತು ನಿನ್ನ ಜೊತೆ ಒಂದೇ ಬಸ್ಸಲ್ಲಿ ಬರೋಕಾಗಲ್ಲ ನನಗೆ."