ಗಾಳಿಯ ಕುರ್ಚಿ

ಇವತ್ತೂ ನನ್ನ ದನಿ ಹೊರಡದಿದ್ದರೆ? ಬೆಳಗಿನಿಂದ ಇದೊಂದೇ ಚಿಂತೆ. ಎಲ್ಲ ಪಂಚಾಯ್ತಿಗಳಂತೆ ನಮ್ಮಲ್ಲೂ ಗಾಳಿಗೊಂದು ಕುರ್ಚಿಯಿದೆ. ಈ ವರ್ಷ ಚೀಟಿ ಎತ್ತಿದಾಗ ಗಾಳಿಯ ಪರವಾಗಿ ಮಾತಾಡುವ ಸರದಿ ನನಗೆ ಬಂತು. ಊರಿನ ಸ್ವಂತ ಗಾಳಿಯಂತ್ರ ಎಲ್ಲಿ ನಿಲ್ಲಬೇಕೆಂದು ಇಂದು ತೀರ್ಮಾನ. ಜಾಗ ತಪ್ಪಿದರೆ ಇಪ್ಪತ್ತು ವರ್ಷ ಅದು ತಿರುಗದ ಕಂಬ.

"ನನ್ನ ಹೊಲದಾಗ ನಿಲ್ಲಿಸ್ರಿ, ಜಾಗಾ ಪುಕ್ಕಟ ಕೊಡ್ತೀನಿ," ಎಂದರು ಅಧ್ಯಕ್ಷ ಫಕೀರಗೌಡರು. ಚಪ್ಪಾಳೆಯೋ ಚಪ್ಪಾಳೆ.

"ಏನವಾ ಗಾಳೆವ್ವ, ಇವತ್ತರ ಬೀಸ್ತೀಯೋ ಇಲ್ಲೋ?" ಸದಸ್ಯೆ ದ್ಯಾಮಕ್ಕ ಕೆಣಕಿದಳು.

ಗಾಳಿ ಎಷ್ಟಿದೆ ನೋಡಲೆಂದು ಆ ಹೊಲದಲ್ಲಿ ನಾನು ಕಟ್ಟಿದ್ದ ದಾರ ನೂರು ದಿನದಲ್ಲಿ ಅಲುಗಿದ್ದೇ ಅಪರೂಪ. ಅಜ್ಜಿ ಜೋಳ ತೂರುತ್ತಿದ್ದ ಹಳೆಯ ಕಣದಲ್ಲಿ ಕಟ್ಟಿದ್ದು ಮೂರೇ ದಿನಕ್ಕೆ ಹರಿದುಹೋಗಿತ್ತು! ಅದನ್ನೆಲ್ಲ ಬರೆದಿಟ್ಟಿದ್ದ ಡೈರಿಯನ್ನು ಎದೆಗವಚಿಕೊಂಡು ಎದ್ದೆ.

"ಗೌಡ್ರ, ನಿಮ್ಮ ಹೊಲದಾಗ ಗಾಳಿ ಇಲ್ರಿ. ಅದು ಕಣದಾಗ ಐತಿ."